ಊರಾಚೆ ಸೈಕಲ್ ಶೋರೂಮಿನಲ್ಲಿ ಆರು ತಿಂಗಳು

ಸೈಕಲ್ ರಿಪೇರಿ ಮಾಡುವವನ ಹತ್ತಿರ ಪಂಚರ್ ಆದ ಟ್ಯೂಬು ಒಂದೇ ಬರುವುದಿಲ್ಲ, ಅದರ ಜೊತೆ ಸೈಕಲ್ಲಿನ ಮಾಲೀಕನೂ ಬರುತ್ತಾನೆ. ಟ್ಯೂಬಿಗೆ ಪ್ಯಾಚ್ ಹಾಕಿ ಕಳಿಸಿಬಿಡಬಹುದು, ಮಾಲೀಕ ಆಡಿಹೋದ ಮಾತು ಮಾತ್ರ ನಮ್ಮ ಹತ್ತಿರವೇ ಉಳಿದುಬಿಡುತ್ತದೆ. ಚಾಮರಾಜನಗರದ ಪೇಟೆಯಲ್ಲಿ ಮೂವತ್ತು ವರ್ಷ ಸೈಕಲ್ ಶಾಪ್ ಇಟ್ಟುಕೊಂಡಿದ್ದ ನನ್ನ ಹತ್ತಿರ ಅಂಥವು ಮೂಟೆಗಟ್ಟಲೆ ಇವೆ. ಹೋದ ವರ್ಷ ಕಟ್ಟಡದ ಮಾಲೀಕರು ಹಳೇ ಮಳಿಗೆ ಒಡೆದು ಹೊಸದು ಕಟ್ಟಿಸುತ್ತೇವೆ ಎಂದಾಗ ಅಂಗಡಿ ಮುಚ್ಚಿದೆ. ಐವತ್ತಾರನೇ ವಯಸ್ಸಿನಲ್ಲಿ ಇನ್ನು ಯಾರು ಕರೆದು ಕೆಲಸ ಕೊಡುತ್ತಾರೆ ಎಂದು ಮನೆಯಲ್ಲಿ ಕೂತಿದ್ದೆ.

ಆಗ ಬಂತು ಈ ಶೋರೂಮು. ದೊಡ್ಡದೊಂದು ಸೈಕಲ್ ಕಂಪನಿ ಊರು ಬಿಟ್ಟು ಗುಂಡ್ಲುಪೇಟೆ ರಸ್ತೆಯಲ್ಲಿ, ಅರಿಶಿನದ ಹೊಲಕ್ಕೂ ಬಾಳೆ ತೋಟಕ್ಕೂ ನಡುವೆ, ಗಾಜಿನ ಗೋಡೆಯ ತನ್ನದೇ ಅಂಗಡಿ ಕಟ್ಟಿಸಿತು. ನಾವು ಏಳು ಜನ ಕೆಲಸಕ್ಕೆ ಸೇರಿದೆವು. ಮೈಸೂರಿನ ಒಬ್ಬ ಹೆಣ್ಣುಮಗಳು ಮ್ಯಾನೇಜರ್, ನಾನು ಹೆಡ್ ಮೆಕ್ಯಾನಿಕ್. ಮೊದಲ ದಿನವೇ ಮೇಡಂ ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಇದ್ದದ್ದು ಇದ್ದ ಹಾಗೆ ಹೇಳಿದರು: ಆರು ತಿಂಗಳು ನೋಡುತ್ತಾರೆ, ಜನ ಬಂದರೆ ಅಂಗಡಿ ಇರುತ್ತದೆ, ಬರದಿದ್ದರೆ ಬಾಗಿಲು ಹಾಕುತ್ತಾರೆ. ತಿಂಗಳ ಸಂಬಳ, ವಾರಕ್ಕೊಂದು ರಜೆ, ಜೇಬಿನ ಮೇಲೆ ಹೆಸರು ಹೊಲಿದ ಅಂಗಿ, ಇವೆಲ್ಲ ನನ್ನ ಜೀವಮಾನದಲ್ಲೇ ಮೊದಲ ಸಲ ಸಿಕ್ಕಿದ್ದವು. ಅದನ್ನು ಕಳೆದುಕೊಳ್ಳಲು ನನಗೆ ಸುತರಾಂ ಇಷ್ಟವಿರಲಿಲ್ಲ.

ಅನುಭವದ ಸರ್ಟಿಫಿಕೇಟು

ಕೆಲಸ ಸಿಕ್ಕಿದ್ದೇ ಒಂದು ಕಥೆ. ಅಂಗಡಿಗೆ ಇನ್ನೂ ಬಣ್ಣ ಬಳಿಯುತ್ತಿದ್ದರು. ಪ್ಲಾಸ್ಟಿಕ್ ಸುತ್ತಿದ ಕುರ್ಚಿಯ ಮೇಲೆ ನನ್ನನ್ನು ಕೂರಿಸಿ ಮೇಡಂ ಇಂಟರ್‌ವ್ಯೂ ಮಾಡಿದರು. ಒಂದು ಸೊಟ್ಟ ಚಕ್ರ ಕೊಟ್ಟರು, ನೇರ ಮಾಡಿ ಕೊಟ್ಟೆ. ಗೇರಿನ ಸೈಕಲ್ ಕೊಟ್ಟರು, ಅದನ್ನೂ ಬಿಚ್ಚಿ ಜೋಡಿಸಿದೆ. ಅವರಿಗೆ ತೃಪ್ತಿಯಾಯಿತು. ಆದರೆ ಕಂಪ್ಯೂಟರಿಗೆ ಆಗಲಿಲ್ಲ. ಅದಕ್ಕೆ ಅನುಭವದ ಸರ್ಟಿಫಿಕೇಟು ಬೇಕಿತ್ತು. ಹಿಂದಿನ ಕೆಲಸದ ಯಜಮಾನರಿಂದ ಒಂದು ಪತ್ರ ತನ್ನಿ ಎಂದರು ಮೇಡಂ. ಹಿಂದಿನ ಯಜಮಾನ ನಾನೇ ಎಂದೆ. ನನಗೆ ನಾನೇ ಒಳ್ಳೆಯವನು ಎಂದು ಬರೆದುಕೊಟ್ಟರೆ ನಡೆಯುವುದಿಲ್ಲವಂತೆ.

ಏನು ಮಾಡುವುದು ಎಂದು ಇಬ್ಬರೂ ರಸ್ತೆ ನೋಡುತ್ತ ಕೂತಿದ್ದಾಗ ಹಾಲಿನವನೊಬ್ಬ ಎರಡೂ ಕಡೆ ಕ್ಯಾನು ನೇತುಹಾಕಿಕೊಂಡು ಸೈಕಲ್ ತುಳಿಯುತ್ತ ಬಂದ. ನನ್ನ ಹಳೇ ಗಿರಾಕಿ. ಕೈ ಅಡ್ಡ ಹಿಡಿದು ನಿಲ್ಲಿಸಿ, ಮೇಡಂ ಮುಂದೆ ಕರೆತಂದು, ನನ್ನ ಕೆಲಸದ ಬಗ್ಗೆ ಎರಡು ಮಾತು ಹೇಳಪ್ಪ ಎಂದೆ. ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡು, ಕೋರ್ಟಿನಲ್ಲಿ ನಿಂತವನ ಹಾಗೆ ಕೈ ಕಟ್ಟಿ ಹೇಳಿದ:

"ಈ ಸಾಬ್ರು ಮೂವತ್ ವರ್ಸದಿಂದ ನನ್ ಸೈಕಲ್ ರಿಪೇರಿ ಮಾಡ್ತಾನೇ ಅವ್ರೆ ಕಣವ್ವಾ. ಇನ್ನೂ ಮುಗುದಿಲ್ಲ."

ಮೇಡಂ ಅದನ್ನು ಇಂಗ್ಲಿಷಿಗೆ ಹೇಗೆ ತಿರುಗಿಸಿದರೋ ಕಾಣೆ. ಮೂವತ್ತು ವರ್ಷದ ಸತತ ಅನುಭವ ಎಂದು ಬರೆದರಂತೆ, ಕಂಪ್ಯೂಟರ್ ಒಪ್ಪಿಕೊಂಡಿತು. ಆ ಹಾಲಿನವನ ಹೊಟ್ಟೆ ತಣ್ಣಗಿರಲಿ.

ಮುಯ್ಯಿ

ಉದ್ಘಾಟನೆಯ ದಿನ ಬಾಗಿಲಿಗೆ ಚೆಂಡುಹೂವಿನ ತೋರಣ ಕಟ್ಟಿಸಿದ್ದರು. ಬಂದವರಿಗೆಲ್ಲ ಕೇಸರಿಬಾತು, ಉಪ್ಪಿಟ್ಟು. ಸುತ್ತಲ ಹಳ್ಳಿಯ ಜನ ಚೆನ್ನಾಗಿಯೇ ಬಂದರು. ಆದರೆ ಒಳಗಿನ ನೆಲ ಕನ್ನಡಿಯಂತೆ ಹೊಳೆಯುವುದನ್ನು ಕಂಡು, ಮೊದಲು ಬಂದ ಹೆಂಗಸು ಮೆಟ್ಟಿಲ ಹತ್ತಿರವೇ ಚಪ್ಪಲಿ ಬಿಟ್ಟಳು. ಅವಳ ಹಿಂದೆ ಬಂದವರೂ ಬಿಟ್ಟರು. ಬೇಡ, ಹಾಗೇ ಬನ್ನಿ ಎಂದು ಮೇಡಂ ಕೈಮುಗಿದು ಕೇಳಿಕೊಂಡರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಬಾಗಿಲ ಮುಂದೆ ಚಪ್ಪಲಿಯ ರಾಶಿ.

ರಸ್ತೆಯಲ್ಲಿ ಹೋಗುವವರಿಗೆ ಏನು ಕಾಣಬೇಕು? ತೋರಣ, ಚಪ್ಪಲಿ ರಾಶಿ, ಒಗ್ಗರಣೆಯ ವಾಸನೆ. ಒಂದು ದಂಪತಿ ಸ್ಕೂಟರ್ ನಿಲ್ಲಿಸಿ ಬಂದರು. ಗಂಡನಿಗೆ ಬಿಳೀ ಪಂಚೆ, ಹೆಂಡತಿಗೆ ರೇಷ್ಮೆ ಸೀರೆ. ಸೈಕಲ್ಲುಗಳ ಕಡೆ ತಿರುಗಿಯೂ ನೋಡದೆ ನೇರವಾಗಿ ತಿಂಡಿಗೆ ಹೋದರು. ಎರಡನೇ ಸಲವೂ ಕೇಸರಿಬಾತು ಹಾಕಿಸಿಕೊಂಡು, ಕೈ ತೊಳೆದು ಬಂದರು. ಚೆನ್ನಾಗಿ ಡ್ರೆಸ್ ಮಾಡಿಕೊಂಡು ಹೂ ಮುಡಿದು ಬಾಗಿಲಲ್ಲಿ ನಿಂತಿದ್ದ ಮೇಡಂ ಕೈಗೆ ಒಂದು ಕವರ್ ಇಟ್ಟರು. ಆ ಹೆಂಗಸು ಮೇಡಂ ಗಲ್ಲ ಸವರಿ, ಹುಡುಗ ಕಾಣಲಿಲ್ಲವಲ್ಲ ಎಂದು ವಿಚಾರಿಸಿಕೊಂಡು ಹೋದಳು.

ಕವರಿನ ಮೇಲೆ ನೂತನ ವಧೂವರರಿಗೆ ಶುಭಾಶಯ ಎಂದು ಬರೆದಿತ್ತು. ಅವರು ಹೋಗಬೇಕಿದ್ದ ಮದುವೆ ಛತ್ರ ಇನ್ನೂ ಒಂದು ಮೈಲಿ ಮುಂದಿತ್ತು. ಹಿಂದಿರುಗಿಸೋಣವೆಂದರೆ ಅವರು ಯಾರೋ, ಯಾವ ಊರೋ. ಆ ಕವರ್ ಇವತ್ತಿಗೂ ಮೇಡಂ ಡ್ರಾಯರಿನಲ್ಲಿದೆ. ಅವರಿಗಿನ್ನೂ ಮದುವೆ ಗೊತ್ತಾಗಿಲ್ಲ, ಮುಯ್ಯಿ ಮಾತ್ರ ಬಂದುಬಿಟ್ಟಿದೆ.

ಹಗುರದ ಸೈಕಲ್ಲು

ಉದ್ಘಾಟನೆ ಕಳೆದ ಮೇಲೆ ಜನ ಮಾಯ. ದಿನವಿಡೀ ನಾವು ಏಳು ಜನ ಗಾಜು ಒರೆಸುವುದು, ಒರೆಸಿದ ಗಾಜಿನಿಂದ ರಸ್ತೆ ನೋಡುವುದು. ಬಾಗಿಲ ಮೇಲೆ ಕಂಪನಿಯವರು ಒಂದು ಯಂತ್ರ ಕೂರಿಸಿದ್ದರು. ಒಳಗೆ ಬಂದವರ ತಲೆ ಎಣಿಸಿ ಹೆಡ್ ಆಫೀಸಿಗೆ ಕಳಿಸುವುದು ಅದರ ಕೆಲಸ. ನಾವೆಲ್ಲ ಒಬ್ಬೊಬ್ಬರಾಗಿ ಟೀ ಕುಡಿಯಲು ಹೋಗಿ ಬಂದು ಮಾಡಿ ಅದಕ್ಕೆ ಒಂದಿಷ್ಟು ಕೆಲಸ ಕೊಟ್ಟೆವು. ಮೇಡಂಗೆ ಗೊತ್ತಾಗಿ ಬೈಸಿಕೊಂಡೆವು.

ಅಂಥ ದಿನಗಳಲ್ಲಿ ಗುಂಡ್ಲುಪೇಟೆ ಕಡೆಯ ಒಬ್ಬ ರೈತ ಹೆಂಡತಿಯೊಡನೆ ಬಂದ. ಹೂವಿನ ಬೆಳೆ ಚೆನ್ನಾಗಿ ಕೈಗೆ ಹತ್ತಿತ್ತಂತೆ, ಮುಖದಲ್ಲಿ ಕಳೆ ಇತ್ತು. ಅಂಗಡಿಯ ನಟ್ಟನಡುವೆ ಇಟ್ಟಿದ್ದ ಎಲ್ಲಕ್ಕಿಂತ ದುಬಾರಿ ಸೈಕಲ್ಲಿನ ಮುಂದೆ ನಿಂತ. ಬೆಲೆ ಕೇಳಿದ, ಹೇಳಿದೆ. ಒಂದು ಹಸುವಿನ ಬೆಲೆ ಅದು. ಅವನು ಎದೆಗುಂದದೆ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಸ್ಟ್ಯಾಂಡ್ ಎಲ್ಲಿ ಎಂದ. ಇದಕ್ಕೆ ಸ್ಟ್ಯಾಂಡ್ ಬರುವುದಿಲ್ಲ ಎಂದೆ. ಕ್ಯಾರಿಯರ್ ಎಂದ, ಇಲ್ಲ ಎಂದೆ. ಮಡ್‌ಗಾರ್ಡು? ಇಲ್ಲ. ಚೈನ್ ಕವರು? ಇಲ್ಲ. ಬೆಲ್ಲು? ಅದೂ ಇಲ್ಲ. ಒಂದೊಂದು ಇಲ್ಲ ಹೇಳುವಾಗಲೂ ನನ್ನ ಧ್ವನಿ ಇಳಿಯುತ್ತ ಹೋಯಿತು. ಕೊನೆಗೆ ಮರ್ಯಾದೆ ಉಳಿಸಿಕೊಳ್ಳಲು ಸೈಕಲ್ಲನ್ನು ಎರಡೇ ಬೆರಳಲ್ಲಿ ಮೇಲಕ್ಕೆತ್ತಿ, ಎಷ್ಟು ಹಗುರ ನೋಡಿ ಎಂದೆ.

ಅದುವರೆಗೆ ಸೆರಗು ಹಿಡಿದು ಸುಮ್ಮನೆ ನಿಂತಿದ್ದ ಅವನ ಹೆಂಡತಿ ಹೇಳಿದಳು: "ಎಲ್ಲಾನೂ ಕಿತ್ತಾಕಬುಟ್ಟ ಮ್ಯಾಲೆ ಅಗುರ ಆಗ್ದೆ ಇನ್ನೇನಾದದು?"

ಅವರು ಸ್ಟ್ಯಾಂಡು, ಕ್ಯಾರಿಯರು, ಬೆಲ್ಲು ಎಲ್ಲ ಇದ್ದ ಇನ್ನೊಂದು ಸೈಕಲ್ ಕೊಂಡರು. ನಮ್ಮ ಶೋರೂಮಿನ ಮೊದಲ ವ್ಯಾಪಾರ ಅದು. ಆ ತಾಯಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಅವತ್ತಿನಿಂದ ಯಾರಿಗೂ ಎರಡು ಬೆರಳಲ್ಲಿ ಸೈಕಲ್ ಎತ್ತಿ ತೋರಿಸಿಲ್ಲ.

ಏನು ಸಹಾಯ ಮಾಡಲಿ?

ಬಾಗಿಲಿಗೆ ಬಂದ ಯಾರಿಗೇ ಆಗಲಿ, ಮುಗುಳ್ನಕ್ಕು, ಸ್ವಾಗತ, ನಿಮಗೆ ಏನು ಸಹಾಯ ಮಾಡಲಿ ಎನ್ನಬೇಕು ಎಂಬುದು ಕಂಪನಿಯ ಕಟ್ಟುನಿಟ್ಟು. ಹಳೇ ಅಂಗಡಿಯಲ್ಲಿ ನಾನು ಗಿರಾಕಿಗಳನ್ನು ತಲೆ ಎತ್ತದೆಯೇ ಮಾತಾಡಿಸುತ್ತಿದ್ದವನು. ಚಕ್ರ ನೋಡಿದರೆ ಯಾರದೆಂದು ಗೊತ್ತಾಗುತ್ತಿತ್ತು, ಮುಖ ಯಾಕೆ ಬೇಕು? ಹದಿನೈದು ದಿನ ಕಷ್ಟಪಟ್ಟು ಈ ಮಾತು ಅಭ್ಯಾಸ ಮಾಡಿಕೊಂಡೆ. ಆಮೇಲೆ ಅದೇ ಬಾಯಿಗೆ ಅಂಟಿಕೊಂಡುಬಿಟ್ಟಿತು.

ಒಂದು ದಿನ ಮರೆತು ಬಂದಿದ್ದ ಊಟದ ಡಬ್ಬಿ ಹಿಡಿದು ನನ್ನ ಬೇಗಂ ಬಂದಳು. ಗಾಜಿನ ಬಾಗಿಲು ತೆರೆದದ್ದೇ ತಡ, ಯಾರು ಏನು ನೋಡದೆ, ಸ್ವಾಗತ ಮೇಡಂ, ನಿಮಗೆ ಏನು ಸಹಾಯ ಮಾಡಲಿ ಎಂದೆ. ಅವಳು ಅಲ್ಲೇ ನಿಂತಳು. ನಿಕಾಹ್ ಆಗಿ ಮೂವತ್ತೊಂದು ವರ್ಷವಾಯಿತು, ಈ ಮಾತು ಇವತ್ತೇ ಕೇಳುತ್ತಿರುವುದು ಎಂದು ನಮ್ಮ ಉರ್ದುವಿನಲ್ಲಿ ಮೆಲ್ಲಗೆ ಹೇಳಿ, ಡಬ್ಬಿ ಕೊಟ್ಟು ಹೊರಟುಹೋದಳು. ಸಂಜೆ ಮನೆಗೆ ಹೋದರೆ ಬಾಗಿಲಲ್ಲೇ ಕಾದಿದ್ದಳು. ಒಂದು ಮೊರದ ತುಂಬ ಈರುಳ್ಳಿ, ಮೇಲೊಂದು ಚಾಕು. ಸಹಾಯ ಮಾಡಿ ಎಂದಳು.

ಈಗ ದಿನಾ ಹೆಚ್ಚುತ್ತೇನೆ. ಶೋರೂಮಿನ ಟ್ರೈನಿಂಗಿನಿಂದ ನಿಜವಾಗಿ ಲಾಭವಾದದ್ದು ಅವಳೊಬ್ಬಳಿಗೆ.

ಟೆಸ್ಟ್ ರೈಡು

ನಮ್ಮ ಅಂಗಡಿಗೆ ಇದ್ದ ದೊಡ್ಡ ತೊಡಕು ಬಸ್ಸು. ಬಸ್ಸುಗಳೆಲ್ಲ ಮುಂದಿನಿಂದಲೇ ಹೋಗುತ್ತವೆ, ಒಂದೂ ನಿಲ್ಲುವುದಿಲ್ಲ. ಸೈಕಲ್ ಕೊಳ್ಳಬೇಕೆನ್ನುವವನ ಹತ್ತಿರ ಸೈಕಲ್ ಇರುವುದಿಲ್ಲವಲ್ಲ, ಅವನು ಬರುವುದು ಹೇಗೆ? ಮೇಡಂ ಬದನಗುಪ್ಪೆಯ ಕಾರ್ಖಾನೆಗಳ ಗೇಟಿನಲ್ಲಿ ನಿಂತು ಕೈಯಾರೆ ಚೀಟಿ ಹಂಚಿದರು. ಚೀಟಿ ಓದಿದವರೆಲ್ಲ, ಎಲ್ಲಿ ಇಳಿಯಬೇಕು ಎಂದೇ ಕೇಳಿದರು.

ಒಂದು ಬೆಳಗ್ಗೆ ಅರವತ್ತು ದಾಟಿದ ಒಬ್ಬ ಹೆಂಗಸು ಬಂದರು. ಈ ಕಡೆಯ ಹಳ್ಳಿಗಳಲ್ಲಿ ಸೈಕಲ್ ಮೇಲೆ ತಿರುಗಿ ಹೆರಿಗೆ ಮಾಡಿಸಿ ರಿಟೈರಾದ ನರ್ಸಮ್ಮ. ಅವರ ಹಳೇ ಲೇಡೀಸ್ ಸೈಕಲ್ಲಿಗೆ ನಾನೇ ಎಷ್ಟು ಟೈರು ಹಾಕಿದ್ದೇನೋ. ಒಂದು ಗೇರಿನ ಸೈಕಲ್ ತೋರಿಸಿ, ಇದನ್ನು ತುಳಿದು ನೋಡಬೇಕು ಎಂದರು. ಟೆಸ್ಟ್ ರೈಡಿಗೆ ಆಧಾರ್ ಕಾರ್ಡ್ ಕೊಟ್ಟು ಹೋಗಬೇಕು, ಹತ್ತು ನಿಮಿಷದಲ್ಲಿ ಬರಬೇಕು. ಕಾರ್ಡ್ ಕೊಟ್ಟರು, ಸೀರೆ ಎತ್ತಿ ಕಟ್ಟಿದರು, ಹೊರಟರು.

ಹತ್ತು ನಿಮಿಷವಾಯಿತು, ಒಂದು ಗಂಟೆಯಾಯಿತು. ಊಟದ ಹೊತ್ತೂ ಆಯಿತು. ಮೇಡಂ ಮುಖ ಬಿಳಿಚಿಕೊಂಡಿತು. ಇರುವುದೇ ಒಂದು ಡೆಮೋ ಸೈಕಲ್, ಅದೂ ಹೋಯಿತೆಂದು ಹೆಡ್ ಆಫೀಸಿಗೆ ಹೇಗೆ ಹೇಳುವುದು? ವಯಸ್ಸಾದವರು, ಎಲ್ಲಾದರೂ ಬಿದ್ದರೋ ಏನೋ ಎಂದು ನನಗೆ ಇನ್ನೊಂದು ಭಯ. ಬೈಕ್ ತೆಗೆದುಕೊಂಡು ಎರಡೂ ದಿಕ್ಕಿಗೆ ಹುಡುಕಿ ಬಂದೆ. ಮಧ್ಯಾಹ್ನ ಮೂರು ಗಂಟೆಗೆ, ಯಾವತ್ತೂ ನಿಲ್ಲದ ಗುಂಡ್ಲುಪೇಟೆ ಬಸ್ಸು ನಮ್ಮ ಬಾಗಿಲ ಮುಂದೆ ನಿಂತಿತು. ನರ್ಸಮ್ಮ ಇಳಿದರು. ಕೈಯಲ್ಲಿ ಒಂದು ಚೀಲ ಹಲಸಿನ ತೊಳೆ. ಸೈಕಲ್ ಇಲ್ಲ.

ಸೈಕಲ್ ಎಲ್ಲಿ ನರ್ಸಮ್ಮ ಎಂದೆ. ತೆರಕಣಾಂಬಿಯಲ್ಲಿ ಮಗಳ ಮನೆಯಲ್ಲಿದೆ ಎಂದರು. ಆಮೇಲೆ, ಇಷ್ಟೂ ಗೊತ್ತಾಗುವುದಿಲ್ಲವೇ ಎನ್ನುವ ಹಾಗೆ ವಿವರಿಸಿದರು:

"ಹೋಗುವಾಗ ಬಸ್ಸು ನಿಲ್ಸನಿಲ್ಲ, ಅದ್ಕೇ ನಿಮ್ಮ ಸೈಕಲ್ ತಕೊಂಡೋದೆ. ಬರುವಾಗ ಬಸ್ಸು ಸಿಕ್ತು. ನಮಗೆ ಫ್ರೀ ಅಲ್ವಾ ಸಾಬ್ರೆ, ಸುಮ್ನೆ ಯಾಕೆ ತುಳೀಲಿ?"

ಮೇಡಂ ಕುರ್ಚಿಯಲ್ಲಿ ಕುಸಿದು ಕೂತರು. ನರ್ಸಮ್ಮ ಅವರಿಗೆ ನೀರು ಕುಡಿಸಿ, ನಾಡಿ ಹಿಡಿದು ನೋಡಿ, ಹಲಸಿನ ತೊಳೆ ಕೊಟ್ಟರು. ಸೈಕಲ್ಲನ್ನು ಅಳಿಯ ಇಟ್ಟುಕೊಳ್ಳುತ್ತಾನಂತೆ, ನಾಳೆ ಬಂದು ಹಣ ಕಟ್ಟುತ್ತಾನಂತೆ. ಕಟ್ಟಿದ ಕೂಡ. ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದು. ಇಲ್ಲಿ ಬಸ್ಸು ಹೇಗೆ ನಿಂತಿತು ಎಂದು ಕೇಳಿದರೆ, ಆ ಕಂಡಕ್ಟರ್ ಹುಟ್ಟಿದಾಗ ಹಿಡಿದುಕೊಂಡದ್ದು ತಾವೇ ಎಂದರು. ಇನ್ನು ಮೇಲೆ ದಿನಾ ಇಲ್ಲಿ ನಿಲ್ಲಿಸಬೇಕೆಂದು ಅವನಿಗೆ ಹೇಳಿಬಿಟ್ಟಿದ್ದಾರಂತೆ. ಅವನೂ ತನ್ನ ಜೊತೆಯವರಿಗೆ ಹೇಳಿದ. ಮುಂದಿನ ವಾರದಿಂದ ಒಂದೊಂದೇ ಬಸ್ಸು ನಿಲ್ಲತೊಡಗಿತು. ನಾವು ಅರ್ಜಿ ಕೊಟ್ಟಿದ್ದರೆ ಇಷ್ಟರಲ್ಲಿ ಸ್ವೀಕೃತಿ ಚೀಟಿಯೂ ಬರುತ್ತಿರಲಿಲ್ಲ.

ಯಜಮಾನರು

ಬಸ್ಸು ನಿಂತ ಮೇಲೆ ಜನ ಬರತೊಡಗಿದರು, ಆದರೆ ಸಾಲದು. ಆರು ತಿಂಗಳು ತುಂಬಿತು. ಹೆಡ್ ಆಫೀಸಿನ ದೊಡ್ಡ ಸಾಹೇಬರು ಖುದ್ದಾಗಿ ಬರುತ್ತಾರೆ, ನೋಡಿ ಅಲ್ಲೇ ತೀರ್ಮಾನ ಹೇಳುತ್ತಾರೆ ಎಂದು ಮೇಲ್ ಬಂತು. ಬರುವ ದಿನ ಆಯುಧಪೂಜೆ. ಅವರ ಸೀಮೆಯಲ್ಲಿ ರಜೆ ಮಾರನೇ ದಿನವಂತೆ. ಮೇಡಂ ಬೇರೆ ದಿನ ಕೇಳಲು ಹೆದರಿದರು. ಹಬ್ಬದ ದಿನ ನಮ್ಮ ಊರಲ್ಲಿ ಯಾರು ಸೈಕಲ್ ಕೊಳ್ಳಲು ಬರುತ್ತಾರೆ?

ಬೆಳಗ್ಗೆ ಹತ್ತೂವರೆಗೆ ಸಾಹೇಬರ ಕಾರು ಬಂತು. ಜೊತೆಗೆ ಲ್ಯಾಪ್‌ಟಾಪ್ ಹಿಡಿದ ಒಬ್ಬ ಸಹಾಯಕ. ಸಾಹೇಬರು ಸಭ್ಯ ಮನುಷ್ಯ, ಕಂಪನಿಯ ಹೆಸರಿರುವ ನಮ್ಮಂಥದೇ ಅಂಗಿ ಹಾಕಿದ್ದರು. ಒಂದು ಸುತ್ತು ಹಾಕಿದರು. ಸೈಕಲ್ಲುಗಳು ಸಾಲಾಗಿ ನಿಂತಿದ್ದವು, ನಾವು ಏಳು ಜನವೂ ಸಾಲಾಗಿ ನಿಂತಿದ್ದೆವು, ಇನ್ನೊಂದು ನರಪಿಳ್ಳೆ ಇರಲಿಲ್ಲ. ಅಂಗಡಿ ಚೆನ್ನಾಗಿದೆ, ಜನ ಎಲ್ಲಿ ಎಂದು ಹಿಂದಿಯಲ್ಲಿ ಕೇಳಿದರು. ನನ್ನ ಜೇಬಿನ ಮೇಲಿನ ಹೆಸರನ್ನು ನಾನೊಮ್ಮೆ ಸವರಿಕೊಂಡೆ.

ಆಗ ರಸ್ತೆಯಿಂದ ಬೆಲ್ಲುಗಳ ಸದ್ದು ಕೇಳಿಸಿತು. ಒಂದಲ್ಲ, ನೂರಾರು.

ಇಲ್ಲಿ ಒಂದು ಮಾತು ಹೇಳಬೇಕು. ನನ್ನ ಹಳೇ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಆಯುಧಪೂಜೆಯ ದಿನ ಗಿರಾಕಿಗಳು ಮನೆಯಲ್ಲಿ ಸೈಕಲ್ ತೊಳೆದು, ಪೂಜೆ ಮಾಡಿ, ನನ್ನ ಹತ್ತಿರ ತರುತ್ತಿದ್ದರು. ನಾನು ಪೆಡಲ್ ಒಂದು ಸುತ್ತು ತಿರುಗಿಸಿ, ಚಕ್ರ ಓಡುವ ಸದ್ದು ಕೇಳಿ, ಸರಿಯಿದೆ ಎನ್ನಬೇಕು. ಆಮೇಲೇ ಅವರು ನಿಂಬೆಹಣ್ಣಿನ ಮೇಲೆ ಹತ್ತಿಸುತ್ತಿದ್ದರು. ಸಾಬರ ಕೈ ಮುಟ್ಟಿಸದೆ ಸೈಕಲ್ ಓಡಿಸಿದರೆ ವರ್ಷವಿಡೀ ಪಂಚರ್ ಎಂದು ಅವರ ನಂಬಿಕೆ. ಅಂಗಡಿ ಮುಚ್ಚಿದ ಮೇಲೆ ಅದೂ ಮುಗಿಯಿತು ಎಂದುಕೊಂಡಿದ್ದೆ. ಅವರು ಹಾಗೆ ಅಂದುಕೊಂಡಿರಲಿಲ್ಲ. ಪೇಟೆಯಲ್ಲಿ ಸೇರಿ, ನಾನು ಎಲ್ಲಿದ್ದೇನೆಂದು ಕೇಳಿ ತಿಳಿದುಕೊಂಡು, ಬಾಳೆಕಂದು ಕಟ್ಟಿದ, ವಿಭೂತಿ ಕುಂಕುಮ ಹಚ್ಚಿದ ಸೈಕಲ್ಲುಗಳನ್ನು ತಳ್ಳಿಕೊಂಡೇ ಸಾಲುಗಟ್ಟಿ ಬಂದುಬಿಟ್ಟಿದ್ದರು. ಪುಣಜನೂರಿನಿಂದ ಮೂರು ಸೈಕಲ್ಲು ಲಗೇಜ್ ಆಟೋದಲ್ಲಿ ಬಂದಿದ್ದವು. ನನಗೆ ಕಣ್ಣು ಮಂಜಾಯಿತು. ಸಾಹೇಬರ ಅಪ್ಪಣೆ ಕೇಳುವುದೂ ಮರೆತು ಹೊರಗೆ ಓಡಿದೆ.

ಒಂದು ಗಂಟೆ ಪೆಡಲ್ ತಿರುಗಿಸಿದ್ದೇ ತಿರುಗಿಸಿದ್ದು. ಯಾರೋ ಹೊಳೆಯುವ ಮೆಟ್ಟಿಲ ಮೇಲೆ ಬೂದುಗುಂಬಳಕಾಯಿ ಒಡೆದರು, ಕುಂಕುಮದ ನೀರು ಗಾಜಿಗೆಲ್ಲ ಹಾರಿತು. ಜನ ತಂಡತಂಡವಾಗಿ ಒಳಗೆ ನುಗ್ಗಿ ಸೈಕಲ್ಲು ನೋಡಿದರು, ಬೆಲ್ಲು ಒತ್ತಿದರು, ಬೆಲೆ ಕೇಳಿದರು. ಬಾಗಿಲ ಮೇಲಿನ ಯಂತ್ರಕ್ಕೆ ಅವತ್ತು ಉಸಿರು ಬಿಡಲೂ ಪುರಸೊತ್ತಿರಲಿಲ್ಲ. ಸಹಾಯಕನ ಆಯುಧ ಯಾವುದೆಂದು ವಿಚಾರಿಸಿ, ಅವನ ಲ್ಯಾಪ್‌ಟಾಪಿಗೂ ಮೂರು ಬೊಟ್ಟು ಇಟ್ಟು ಹೂ ಮುಡಿಸಿದರು.

ಸಾಹೇಬರು ಹೊರಗೆ ಬಂದು ಎಲ್ಲವನ್ನೂ ನೋಡಿ, ಇವುಗಳಲ್ಲಿ ನಮ್ಮ ಕಂಪನಿಯ ಸೈಕಲ್ ಎಷ್ಟು ಎಂದು ಕೇಳಿದರು. ಮೇಡಂ ನೆಲ ನೋಡಿದರು. ನಾನು ಸುಳ್ಳು ಹೇಳಲಿಲ್ಲ. ಒಂದೂ ಇಲ್ಲ ಸಾಹೇಬ್, ಎಲ್ಲ ಬೇರೆಯವರವು, ಎಲ್ಲಕ್ಕೂ ವಯಸ್ಸಾಗಿದೆ, ಇವರು ಮುಂದಿನ ಸೈಕಲ್ ತೆಗೆದುಕೊಳ್ಳುವಾಗ ನೀವು ಇಲ್ಲಿದ್ದರೆ ನಿಮ್ಮದೇ ಎಂದೆ. ಅವರು ಹೂಂ ಎಂದರು.

ಅಷ್ಟರಲ್ಲಿ ಪುಣಜನೂರಿನ ಹಿರಿಯರೊಬ್ಬರು, ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿದ್ದವರು, ಪುರಿ ಕಾಯಿಚೂರು ಹಿಡಿದು ಬಂದರು. ಸಾಹೇಬರ ಅಂಗಿ ನೋಡಿದರು, ನನ್ನ ಅಂಗಿ ನೋಡಿದರು. ಇಬ್ಬರದೂ ಒಂದೇ ಬಣ್ಣ. ಸಾಹೇಬರ ಬೊಗಸೆಗೆ ಪುರಿ ಸುರಿದು, ಬೆನ್ನು ತಟ್ಟಿ, ಗಾಜಿನ ಕಟ್ಟಡದ ಉದ್ದಗಲಕ್ಕೂ ಕಣ್ಣಾಡಿಸಿ ಹೇಳಿದರು:

"ಒಳ್ಳೆ ಯಜಮಾನ್ರು ಸಿಕ್ಕವ್ರೆ ಕಣಪ್ಪ ನಿಂಗೆ. ಸಣ್ ಅಂಗ್ಡಿಯಿಂದ ಇಷ್ಟು ದೊಡ್ಡದು ಮಾಡವ್ರೆ ನೋಡು ನಮ್ ಸಾಬ್ರು. ನಿಯತ್ತಾಗಿ ಕೆಲ್ಸ ಮಾಡ್ಕಂಡೋಗು, ಕೈ ಬುಡಾಕಿಲ್ಲ."

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅಷ್ಟೂ ಜನ ಆ ಅಂಗಡಿ ನಾನು ಕಟ್ಟಿಸಿದ್ದೆಂದೇ ತಿಳಿದು ಬಂದಿದ್ದರು. ಏನು ಹೇಳುತ್ತಿದ್ದಾರೆ ಎಂದು ಸಾಹೇಬರು ಕೇಳಿದರು. ಮೇಡಂ ಅದುವರೆಗೆ ಹೆದರಿ ಹೆದರಿ ಸಾಕಾಗಿದ್ದರೆಂದು ಕಾಣುತ್ತದೆ, ಒಂದಕ್ಷರ ಬಿಡದೆ ಹಿಂದಿಯಲ್ಲಿ ಹೇಳಿಬಿಟ್ಟರು.

ಸಾಹೇಬರು ಪುರಿ ಅಗಿಯುವುದನ್ನು ನಿಲ್ಲಿಸಿದರು. ಆ ಹಿರಿಯರನ್ನು ನೋಡಿದರು, ಸೈಕಲ್ಲುಗಳ ಸಾಲನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಕೈ ಕಟ್ಟಿಕೊಂಡು, ಹಿಂದಿಯಲ್ಲೇ ಬಹಳ ವಿನಯವಾಗಿ ಕೇಳಿದರು:

"ಹಾಗಾದರೆ ಯಜಮಾನರೇ, ನನ್ನ ಕೆಲಸ ಗಟ್ಟಿ ತಾನೆ?"

ನನ್ನ ನಾಲಿಗೆ ನನ್ನನ್ನು ಕೇಳಲಿಲ್ಲ. "ಮೊದಲು ನಮ್ಮ ಏಳು ಜನರದು ಹೇಳಿ ಸಾಹೇಬ್, ಆಮೇಲೆ ನಿಮ್ಮದು ನೋಡೋಣ" ಎಂದುಬಿಟ್ಟೆ.

ಮೇಡಂ ಕಣ್ಣು ಮುಚ್ಚಿಕೊಂಡರು. ಸಾಹೇಬರು ನಕ್ಕ ನಗೆಗೆ ಬಾಯಲ್ಲಿದ್ದ ಪುರಿ ನೆತ್ತಿಗೇರಿ, ಹಿರಿಯರು ತಲೆ ತಟ್ಟಿ ನೀರು ಕುಡಿಸಬೇಕಾಯಿತು. ಸುಧಾರಿಸಿಕೊಂಡು, ಕಣ್ಣೊರೆಸಿಕೊಂಡು, ನಿಮ್ಮ ಏಳು ಜನರದೂ ಗಟ್ಟಿ ಎಂದರು.

ಹಾಗಾದರೆ ನಿಮ್ಮದೂ ಗಟ್ಟಿ ಸಾಹೇಬ್, ಎಂದೆ.